ಮೀನುಮರಿಗೆ ಟಾನಿಕ್ ಹಾಕುವ ಮೊದಲು

ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ನಮ್ಮ ಹೊಲದಲ್ಲಿ ಒಂದು ಕೃಷಿ ಹೊಂಡ ಇದೆ. 21 ಮೀಟರ್ ಉದ್ದ, 21 ಮೀಟರ್ ಅಗಲ, ಒಳಗೆಲ್ಲ ಪ್ಲಾಸ್ಟಿಕ್ ಹಾಳೆ. ಒಳ್ಳೆ ಮಳೆಯಾಗಿ ಹೊಂಡ ತುಂಬಿದ ವರ್ಷ ಅದಕ್ಕೆ ಕಾಟ್ಲಾ, ರೋಹು ಮರಿ ಬಿಟ್ಟೆವು. ಮರಿ ತಂದವರೇ ಒಂದು ಬಾಟಲಿ ಟಾನಿಕ್ಕನ್ನೂ ಕೊಟ್ಟರು. ದಿನಾ ತಿಂಡಿಗೆ ಕಲಸಿ ಹಾಕಿದರೆ ರೋಗ ಹತ್ತಿರ ಸುಳಿಯುವುದಿಲ್ಲ ಅಂದರು. ಹೇಳಿದ ಹಾಗೇ ಮಾಡಿದೆವು. ಎರಡನೇ ವಾರ ಮುಗಿಯುವಷ್ಟರಲ್ಲಿ ಅರ್ಧಕ್ಕರ್ಧ ಮರಿ ಸತ್ತಿದ್ದವು. ದಡದಲ್ಲಿ ಬಿದ್ದಿದ್ದ ಬೆರಳುದ್ದದ ಮೀನುಗಳನ್ನು ಪುಟ್ಟಿಗೆ ತುಂಬುವಾಗ ಆದ ಸಂಕಟ ಇನ್ನೂ ಹೋಗಿಲ್ಲ.

ಆಮೇಲೆ ಓದಿ, ಕೇಳಿ, ನೋಡಿ ಒಂದಷ್ಟು ತಿಳಿಯಿತು. ಬಾಟಲಿಯಲ್ಲಿದ್ದ ವಿಟಮಿನ್ ಸುಳ್ಳಲ್ಲ. ಆದರೆ ನಮ್ಮ ಮರಿಗಳು ಸತ್ತದ್ದು ಉಸಿರಿಗೆ ಆಮ್ಲಜನಕ ಸಾಲದೆ. ಬೆಳಗಿನ ಜಾವ ಅವು ನೀರಿನ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಹಸಿವಾಗಿದೆ ಅಂದುಕೊಂಡು ನಾವು ಇನ್ನಷ್ಟು ಹಿಂಡಿ ಸುರಿದೆವು. ಇಂಥ ಟಾನಿಕ್ಕುಗಳಿಗೆ ಪೂರಕ ಅನ್ನುತ್ತಾರೆ. ಪೂರಕ ಅಂದರೆ ಕಡಿಮೆ ಬಿದ್ದದ್ದನ್ನು ತುಂಬುವುದು, ಅಲ್ವಾ? ಏನು ಕಡಿಮೆ ಬಿದ್ದಿದೆ ಅಂತ ನೋಡದೆ ತುಂಬಲು ಹೋದರೆ ದುಡ್ಡೂ ಹೋಗುತ್ತದೆ, ಮರಿಯೂ ಹೋಗುತ್ತದೆ. ಹಾಗಾಗಿ ಮೀನುಮರಿಗೆ ಯಾವಾಗ, ಏನು ಕಡಿಮೆ ಬೀಳುತ್ತದೆ ಅನ್ನುವುದರಿಂದ ಶುರು ಮಾಡೋಣ.

ಕಾಟ್ಲಾ, ರೋಹು, ಮೃಗಾಲ್ ಮೊಟ್ಟೆಗಳು ನಮ್ಮ ಮಳೆಗಾಲದ ಬೆಚ್ಚನೆ ನೀರಿನಲ್ಲಿ ಒಂದು ದಿನದೊಳಗೇ ಒಡೆಯುತ್ತವೆ. ಹೊರಗೆ ಬಂದ ಮರಿಗೆ ಬಾಯಿಯೇ ಸರಿಯಾಗಿ ಇರುವುದಿಲ್ಲ. ಹೊಟ್ಟೆಯ ಕೆಳಗೆ ತಾಯಿ ಕಟ್ಟಿಕೊಟ್ಟ ಬುತ್ತಿಯಂತೆ ಒಂದು ಹಳದಿ ಚೀಲ. ಸುಮಾರು 3 ದಿನ ಅದರಿಂದಲೇ ಬದುಕುತ್ತದೆ. ಬುತ್ತಿ ಮುಗಿಯುವ ಹೊತ್ತಿಗೆ ಬಾಯಿ ತೆರೆಯುತ್ತದೆ. ಇದು ಸ್ಪಾನ್. ಮುಂದೆ 15ರಿಂದ 20 ದಿನ ಸಾಕಿದರೆ ಒಂದು ಇಂಚಿನ ಹತ್ತಿರ ಬರುತ್ತದೆ, ಅದು ಫ್ರೈ. ಇನ್ನೂ ಎರಡು ಮೂರು ತಿಂಗಳು ಸಾಕಿದರೆ ಬೆರಳುದ್ದದ ಫಿಂಗರ್‌ಲಿಂಗ್. ಕೆರೆಗೆ, ಹೊಂಡಕ್ಕೆ ಬಿಡಲು ಇದೇ ಒಳ್ಳೆಯದು. ಸೂಳೆಕೆರೆಯಂಥ ದೊಡ್ಡ ನೀರಿನಲ್ಲಿ ಕೊರವದಂಥ ಬೇಟೆ ಮೀನು ಇದ್ದೇ ಇರುತ್ತವೆ. ಚಿಕ್ಕ ಮರಿ ಬಿಟ್ಟರೆ ಅವಕ್ಕೆ ಊಟ ಬಡಿಸಿದ ಹಾಗೆ.

ಈ ದಾರಿಯಲ್ಲಿ ಎಷ್ಟು ಮರಿ ಕಳೆದುಹೋಗುತ್ತವೆ ಗೊತ್ತಾ? ಮಣ್ಣಿನ ನರ್ಸರಿ ಕೊಳದಲ್ಲಿ ಸ್ಪಾನ್ ಬಿಟ್ಟರೆ 100ರಲ್ಲಿ 30ರಿಂದ 50 ಫ್ರೈ ಆಗಿ ಉಳಿದರೆ ಚೆನ್ನಾಗಿ ಸಾಕಿದ್ದಾರೆ ಅಂತಲೇ ಲೆಕ್ಕ. ಅಲ್ಲಿಂದ 100 ಫ್ರೈ ಫಿಂಗರ್‌ಲಿಂಗ್ ಆಗುವಾಗ ಉಳಿಯುವುದು 60ರಿಂದ 70. ಸಾವು ಜಾಸ್ತಿ ಆಗುವುದು ಮೊದಲ ಎರಡು ವಾರದಲ್ಲಿ. ಕಾರಣಗಳು ಹಸಿವು, ನೀರಿನ ಹುಳ, ಬಿಸಿಲು ತಣ್ಣಗಿನ ಏರುಪೇರು, ಆಮ್ಲಜನಕದ ಕೊರತೆ. ಈ ಪೈಕಿ ಯಾವುದಕ್ಕೂ ಬಾಟಲಿಯಲ್ಲಿ ಔಷಧ ಇಲ್ಲ.

ಇನ್ನೊಂದು ಸಂಗತಿ ಕೇಳಿದಾಗ ನನಗೆ ಆಶ್ಚರ್ಯವಾಗಿತ್ತು. ಗೆಂಡೆ ಜಾತಿಯ ಮೀನುಗಳಿಗೆ ಜಠರವೇ ಇಲ್ಲ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ ಎಲ್ಲವೂ ಇದೇ ಕುಲ. ತಿಂದದ್ದು ಗಂಟಲಿನಿಂದ ನೇರ ಕರುಳಿಗೆ ಹೋಗುತ್ತದೆ. ನಮ್ಮ ಹಾಗೆ ಒಂದು ಹೊತ್ತು ಗಡದ್ದಾಗಿ ಉಂಡು ಇಟ್ಟುಕೊಳ್ಳಲು ಅವಕ್ಕೆ ಜಾಗ ಇಲ್ಲ. ಆಹಾರ ಕರಗಿಸಲು ಜಠರದ ಆಮ್ಲವೂ ಇಲ್ಲ. ಅದಕ್ಕೇ ಗೆಂಡೆ ಮರಿಗೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಹಾಕಬೇಕು. ಇದೇ ಕಾರಣಕ್ಕೆ ಕೆಲವು ಖನಿಜಗಳು ತಿಂಡಿಯಲ್ಲಿ ಇದ್ದರೂ ಅವುಗಳ ಮೈಗೆ ಹತ್ತುವುದಿಲ್ಲ. ಅದನ್ನು ಮುಂದೆ ನೋಡೋಣ.

ಬಾಯಿ ತೆರೆದ ಮರಿಯ ಮೊದಲ ತುತ್ತು ನೀರಿನಲ್ಲೇ ಇರಬೇಕು. ಕಣ್ಣಿಗೆ ಕಾಣದ ಪಾಚಿ, ಅದನ್ನು ತಿನ್ನುವ ರೋಟಿಫರ್ ಎಂಬ ಸಣ್ಣ ಜೀವಿ, ಆಮೇಲೆ ಸೂಜಿಮೊನೆಯಷ್ಟು ದೊಡ್ಡದಾದ ನೀರುಚಿಗಟ. ಎಲ್ಲ ಸೇರಿ ಪ್ಲಾಂಕ್ಟನ್. ಇದು ಓಡಾಡುವ ಆಹಾರ, ಹಾಗಾಗಿ ಮರಿಯ ಕಣ್ಣಿಗೆ ಬೀಳುತ್ತದೆ. ಒಣಗಿಸಿ ತೂಗಿದರೆ ಅರ್ಧದಷ್ಟು ಪ್ರೋಟೀನ್ ಇರುತ್ತದೆ. ವಿಟಮಿನ್, ಒಳ್ಳೆ ಕೊಬ್ಬು, ಜೀರ್ಣಕ್ಕೆ ನೆರವಾಗುವ ಕಿಣ್ವ ಎಲ್ಲ ಅದರೊಳಗೇ ಬಂದಿರುತ್ತವೆ. ಮೊದಲ ದಿನಗಳ ಟಾನಿಕ್ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಹಸಿರು ನೀರು ಅಂತಲೇ ಹೇಳುತ್ತೇನೆ.

ಸೂಳೆಕೆರೆ ನೋಡಿ. ಹಿರಿಯೂರು ಹತ್ತಿರದ ಮಾರಿಕಣಿವೆ ನೋಡಿ. 1907ರಲ್ಲಿ ಕಟ್ಟಿ ಮುಗಿಸಿದ ಆ ವಾಣಿ ವಿಲಾಸ ಸಾಗರದ ಮೀನಿಗೆ ಟಾನಿಕ್ ಕುಡಿಸಿದವರು ಯಾರು? ಹೊಲ, ಗುಡ್ಡ, ಹಳ್ಳಗಳ ಮಣ್ಣು ನೀರಿನ ಜೊತೆ ಬಂದು ತಳ ಸೇರುತ್ತದೆ. ಆ ಮಣ್ಣಿನ ಸತ್ವ ಪಾಚಿಯಾಗುತ್ತದೆ, ಪಾಚಿ ಚಿಗಟವಾಗುತ್ತದೆ, ಚಿಗಟ ಮೀನಾಗುತ್ತದೆ. ನಮ್ಮ ಕೃಷಿ ಹೊಂಡದಲ್ಲಿ ಈ ಸರಪಳಿಯ ಮೊದಲ ಕೊಂಡಿಯೇ ತಪ್ಪಿದೆ. ನೀರು ಇಂಗದಿರಲಿ ಅಂತ ಹಾಸಿದ ಪ್ಲಾಸ್ಟಿಕ್ ಹಾಳೆ ಮಣ್ಣಿನ ಸತ್ವವನ್ನೂ ತಡೆಯುತ್ತದೆ. ಬೋರಿನ ನೀರು ಬಿಟ್ಟಿದ್ದರೆ ಅದು ಗಾಜಿನಷ್ಟು ತಿಳಿ. ನೋಡಲು ಚಂದ, ಮರಿಗೆ ಮಾತ್ರ ಬರಿದಾದ ತಟ್ಟೆ. ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆಯ ನಮ್ಮಂಥವರಿಗೆ ಇದು ಮುಖ್ಯ ವಿಷಯ. ಮಣ್ಣಿನ ಕೆರೆಯಲ್ಲಿ ಬೇಡವಾದ ಪೂರಕ ಪ್ಲಾಸ್ಟಿಕ್ ಹೊಂಡದಲ್ಲಿ ನಿಜವಾಗಲೂ ಬೇಕಾಗಬಹುದು. ಆದರೆ ಅದಕ್ಕೂ ಮೊದಲು ಪ್ಲಾಂಕ್ಟನ್ ಬೆಳೆಸಬೇಕು.

ಬೆಳೆಸುವುದು ಕಷ್ಟವೇನಲ್ಲ. ತಳದಲ್ಲಿ ಅರ್ಧ ಅಡಿ ಒಳ್ಳೆ ಮಣ್ಣು ಹಾಸಿ. ನರ್ಸರಿ ಕೊಳಕ್ಕೆ ಹೆಕ್ಟೇರಿಗೆ 750 ಕೆಜಿ ಶೇಂಗಾ ಹಿಂಡಿ, 200 ಕೆಜಿ ಸಗಣಿ, 50 ಕೆಜಿ ಸಿಂಗಲ್ ಸೂಪರ್ ಫಾಸ್ಫೇಟ್ ಅನ್ನುವುದು ತಜ್ಞರು ಕೊಡುವ ಅಳತೆ. ಇದನ್ನು ನೀರಿನಲ್ಲಿ ನೆನೆಸಿ ಬಗ್ಗಡ ಮಾಡಿ, ಮರಿ ಬಿಡುವ ಎರಡು ಮೂರು ದಿನ ಮೊದಲು ಅರ್ಧ ಹಾಕುತ್ತಾರೆ. ಉಳಿದದ್ದನ್ನು ಆಮೇಲೆ ಕಂತಿನಲ್ಲಿ. ನೀರು ತಯಾರಾಗಿದೆಯಾ ಅಂತ ನೋಡಲು ಮೊಣಕೈವರೆಗೆ ಕೈ ಮುಳುಗಿಸಿ. ಅಂಗೈ ಮಸುಕಾಗಿ ಕಂಡರೆ ಸರಿ. ಸ್ವಚ್ಛವಾಗಿ ಕಂಡರೆ ಆಹಾರ ಇಲ್ಲ. ಮಣಿಕಟ್ಟು ಮುಳುಗುವುದರೊಳಗೆ ಅಂಗೈ ಮರೆಯಾದರೆ ಹಸಿರು ಜಾಸ್ತಿ ಆಯಿತು, ಗೊಬ್ಬರ ನಿಲ್ಲಿಸಿ.

ಯಾಕೆ ನಿಲ್ಲಿಸಬೇಕು? ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಉಸಿರಾಡುತ್ತದೆ. ರಾತ್ರಿಯಿಡೀ ಮೀನು, ಪಾಚಿ, ತಳದಲ್ಲಿ ಕೊಳೆಯುವ ತಿಂಡಿ ಎಲ್ಲ ಸೇರಿ ಆಮ್ಲಜನಕ ಖಾಲಿ ಮಾಡುತ್ತವೆ. ಸೂರ್ಯ ಹುಟ್ಟುವ ಮುಂಚಿನ ಹೊತ್ತು ತೀರಾ ಕೆಟ್ಟದ್ದು. ನಮ್ಮ ಮರಿಗಳು ಸತ್ತದ್ದು ಹೀಗೆ. ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಮರಿ ಆರಾಮಾಗಿರುತ್ತದೆ. ಬೆಳಗಿನ ಜಾವ ಬಾಯಿ ತೆರೆಯುವುದು ಕಂಡರೆ ತಿಂಡಿ, ಗೊಬ್ಬರ ಎರಡನ್ನೂ ನಿಲ್ಲಿಸಿ, ಪಂಪ್ ಹಚ್ಚಿ ನೀರನ್ನು ಮೇಲಿನಿಂದ ಚಿಮ್ಮಿಸಬೇಕು.

ಈಗ ತಿಂಡಿಗೆ ಬರೋಣ. ಈ ವಿಷಯದಲ್ಲಿ ನಮ್ಮ ಸೀಮೆ ಪುಣ್ಯವಂತ. ಎಣ್ಣೆ ಮಿಲ್ಲುಗಳ ಊರು ಅಂತಲೇ ಹೆಸರಾದ ಚಳ್ಳಕೆರೆಯಲ್ಲಿ ಶೇಂಗಾ ಹಿಂಡಿ ಸಿಗುತ್ತದೆ. ಭದ್ರಾ ನಾಲೆಯ ಭತ್ತದಿಂದ ದಾವಣಗೆರೆ ಕಡೆಯ ರೈಸ್ ಮಿಲ್ಲುಗಳಲ್ಲಿ ಅಕ್ಕಿ ತೌಡು ಸಿಗುತ್ತದೆ. ಇಡೀ ದೇಶದಲ್ಲಿ ಗೆಂಡೆ ಮರಿಗೆ ಹಾಕುವ ಹಳೆಯ ತಿಂಡಿ ಇದೇ. ಹಿಂಡಿ ಒಂದು ಪಾಲು, ತೌಡು ಒಂದು ಪಾಲು, ನುಣ್ಣಗೆ ಪುಡಿ. ಒಂದು ಲಕ್ಷ ಸ್ಪಾನ್‌ಗೆ ಮೊದಲ 5 ದಿನ ದಿನಕ್ಕೆ 600 ಗ್ರಾಂ, ಆಮೇಲೆ 1.2 ಕೆಜಿ, ಎರಡು ಕಂತಿನಲ್ಲಿ.

ಆದರೆ ಲೆಕ್ಕ ಹಾಕಿ ನೋಡಿ. ಹಿಂಡಿಯಲ್ಲಿ ಪ್ರೋಟೀನ್ ಶೇಕಡಾ 40ರಿಂದ 45, ತೌಡಿನಲ್ಲಿ 12ರ ಆಸುಪಾಸು. ಸಮಸಮ ಬೆರೆಸಿದರೆ 27, 28. ಚಿಕ್ಕ ಮರಿಗೆ 35ರಿಂದ 40 ಬೇಕು. ಉಳಿದದ್ದನ್ನು ತುಂಬುತ್ತಿದ್ದದ್ದು ಪ್ಲಾಂಕ್ಟನ್. ಬರೀ ಪ್ರಮಾಣದ ಮಾತಲ್ಲ, ಗುಣದ್ದೂ ಇದೆ. ಶೇಂಗಾ ಪ್ರೋಟೀನಿನಲ್ಲಿ ಲೈಸಿನ್, ಮೆಥಿಯೋನಿನ್ ಎಂಬ ಎರಡು ಅಮೈನೋ ಆಮ್ಲ ಕಡಿಮೆ. ನಮ್ಮ ಜಿಲ್ಲೆಯ ಮೆಕ್ಕೆಜೋಳದಲ್ಲೂ ಲೈಸಿನ್ ಕಡಿಮೆ. ಗೋಡೆ ಕಟ್ಟುವಾಗ ಇಟ್ಟಿಗೆ ರಾಶಿ ಇದ್ದು ಸಿಮೆಂಟ್ ಮುಗಿದರೆ ಕೆಲಸ ನಿಲ್ಲುತ್ತದಲ್ಲ, ಹಾಗೆ. ಬಳಕೆಯಾಗದ ಪ್ರೋಟೀನನ್ನು ಮರಿ ಸುಟ್ಟು ಅಮೋನಿಯ ಮಾಡಿ ಕಿವಿರಿನಿಂದ ಹೊರಗೆ ಬಿಡುತ್ತದೆ. ನೀರಿನ ಪಿಎಚ್ (ಹುಳಿ, ಕ್ಷಾರದ ಅಳತೆ) ಮತ್ತು ಬಿಸಿ ಏರಿದಂತೆ ಆ ಅಮೋನಿಯ ಹೆಚ್ಚು ವಿಷವಾಗುತ್ತದೆ. ಹಸಿರು ಹೊಂಡದಲ್ಲಿ ಮಧ್ಯಾಹ್ನ ಪಿಎಚ್ 9 ಮುಟ್ಟುವುದು ಅಪರೂಪವಲ್ಲ. ಅಂದರೆ ಹಿಂಡಿ ಜಾಸ್ತಿ ಹಾಕಿದಷ್ಟೂ ಮರಿ ಬೆಳೆಯುತ್ತದೆ ಅನ್ನುವುದು ತಪ್ಪು ಲೆಕ್ಕ.

ಕೊಬ್ಬಿನದ್ದೂ ಇದೇ ಕಥೆ. ಗೆಂಡೆಗೆ ಒಮೇಗಾ 6, ಒಮೇಗಾ 3 ಎರಡೂ ಬೇಕು. ಶೇಂಗಾ ಎಣ್ಣೆಯಲ್ಲಿ ಮೊದಲನೆಯದು ಧಾರಾಳ, ಎರಡನೆಯದು ಇಲ್ಲವೆನ್ನುವಷ್ಟು ಕಡಿಮೆ. ಹಸಿರು ನೀರಿನಲ್ಲಿ ಅದು ಪಾಚಿಯಿಂದ ಬರುತ್ತದೆ. ತಿಳಿ ನೀರಿನ ಹೊಂಡದಲ್ಲಿ ತಿಂಡಿಗೆ ಸ್ವಲ್ಪ ಮೀನಿನ ಎಣ್ಣೆ ಅಥವಾ ಅಗಸೆ ಸೇರಿಸಿದರೆ ಅದಕ್ಕೆ ಅರ್ಥ ಇದೆ.

ಮೂಳೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಅಂಗಡಿಯಲ್ಲಿ ಮೀನಿಗೂ ಕ್ಯಾಲ್ಸಿಯಂ ಅಂತ ಮಾರುತ್ತಾರೆ. ಮೀನು ಕ್ಯಾಲ್ಸಿಯಂ ಅನ್ನು ನೀರಿನಿಂದಲೇ ಕಿವಿರಿನ ಮೂಲಕ ಹೀರಿಕೊಳ್ಳುತ್ತದೆ. ಪಾತ್ರೆಗೆ ಬಿಳಿ ಪೊರೆ ಕಟ್ಟುವಂಥ ಗಡಸು ನೀರು ನಮ್ಮ ಬೋರುಗಳದ್ದು. ಅಲ್ಲಿ ಕ್ಯಾಲ್ಸಿಯಂಗೆ ಬರ ಬರುವುದು ಕಡಿಮೆ. ಬರ ಇರುವುದು ಫಾಸ್ಫರಸ್‌ಗೆ. ನೀರಿನಲ್ಲಿ ಅದು ಇರುವುದೇ ಅತ್ಯಲ್ಪ, ತಿಂಡಿಯಿಂದಲೇ ಸಿಗಬೇಕು. ತೌಡಿನಲ್ಲಿ ಫಾಸ್ಫರಸ್ ಬೇಕಾದಷ್ಟಿದೆ ಅಂತ ಪಟ್ಟಿಗಳು ಹೇಳುತ್ತವೆ. ಆದರೆ ಕಾಳು, ತೌಡುಗಳಲ್ಲಿ ಹೆಚ್ಚಿನ ಪಾಲು ಫೈಟೇಟ್ ಎಂಬ ಬೀಗದೊಳಗೆ ಇರುತ್ತದೆ. ಮೀನಿನ ಕರುಳಿಗೆ ಆ ಬೀಗದ ಕೀಲಿ ಇಲ್ಲ. ಮೂಳೆ ಪುಡಿ ಹಾಕಿದರೂ ಕರಗಿಸಲು ಜಠರದ ಆಮ್ಲ ಇಲ್ಲ. ಫಾಸ್ಫರಸ್ ಸಾಲದ ಗೆಂಡೆ ಮರಿ ಬೆಳೆಯುವುದಿಲ್ಲ, ತಲೆ ಮತ್ತು ಬೆನ್ನಿನ ಮೂಳೆ ಸೊಟ್ಟಗಾಗುತ್ತದೆ.

ಇದಕ್ಕೆ ಎರಡು ದಾರಿ ಇವೆ. ನೀರಿನಲ್ಲಿ ಕರಗುವ ಮಾನೋಕ್ಯಾಲ್ಸಿಯಂ ಫಾಸ್ಫೇಟ್‌ನಂಥ ಲವಣ ಇರುವ ಖನಿಜ ಮಿಶ್ರಣ ಕೊಡುವುದು ಒಂದು. ತೌಡು, ಹಿಂಡಿಯನ್ನು ಹುಳಿ ಬರಿಸಿ ಕೊಡುವುದು ಇನ್ನೊಂದು. ಬೆಣ್ಣೆ ದೋಸೆ ಊರಿನವರಿಗೆ ಹುಳಿ ಹಿಟ್ಟಿನ ಗುಣ ಹೇಳಿಕೊಡಬೇಕಿಲ್ಲ. ಯೀಸ್ಟ್, ಹುಳಿ ಬರಿಸುವ ಬ್ಯಾಕ್ಟೀರಿಯಾ ಬೆಳೆಯುವಾಗ ಫೈಟೇಟ್ ಬೀಗ ಒಂದಷ್ಟು ಮಟ್ಟಿಗೆ ಒಡೆಯುತ್ತದೆ. ಅಂಗಡಿಯಲ್ಲಿ ಸಿಗುವ ಫೈಟೇಸ್ ಕಿಣ್ವವೂ ಮಾಡುವುದು ಇದೇ ಕೆಲಸ. ಆದರೆ ಅಂಥ ಕಿಣ್ವಗಳಲ್ಲಿ ಹೆಚ್ಚಿನವಕ್ಕೆ ಆಮ್ಲ ಬೇಕು. ಜಠರವಿರುವ ತಿಲಾಪಿಯಾಕ್ಕೆ ಅದು ಒಗ್ಗುತ್ತದೆ, ಗೆಂಡೆಗೆ ಕೊಡುವುದಾದರೆ ತಿಂಡಿಯನ್ನು ಮೊದಲೇ ಅದರಲ್ಲಿ ನೆನೆಸಿಡುವುದು ಮೇಲು.

ವಿಟಮಿನ್‌ಗಳ ಪೈಕಿ ಮರಿಗೆ ಜಾಸ್ತಿ ಕಾಡುವುದು ಸಿ. ನಾಯಿ, ಬೆಕ್ಕು, ಹಸು ತಮಗೆ ಬೇಕಾದ ವಿಟಮಿನ್ ಸಿ ತಾವೇ ತಯಾರಿಸಿಕೊಳ್ಳುತ್ತವೆ. ಮನುಷ್ಯರಿಗೆ ಆಗುವುದಿಲ್ಲ, ಬಹುತೇಕ ಮೀನುಗಳಿಗೂ ಆಗುವುದಿಲ್ಲ. ಮೂಳೆ, ಚರ್ಮ, ರಕ್ತನಾಳಗಳನ್ನು ಹಿಡಿದಿಡುವ ಕೊಲಾಜೆನ್ ಎಂಬ ನಾರು ನೇಯಲು ಅದು ಬೇಕೇ ಬೇಕು. ಬೇಗ ಬೇಗ ಮೈ ಕಟ್ಟುವ ಮರಿಗೆ ದೊಡ್ಡ ಮೀನಿಗಿಂತ ಹೆಚ್ಚು ಬೇಕು. ಸಾಲದಿದ್ದರೆ ಬೆನ್ನು ಗೂನಾಗುತ್ತದೆ ಅಥವಾ ಪಕ್ಕಕ್ಕೆ ಬಾಗುತ್ತದೆ, ರೆಕ್ಕೆಯ ಬುಡದಲ್ಲಿ ರಕ್ತ ಒಸರುತ್ತದೆ, ಗಾಯ ಮಾಯುವುದಿಲ್ಲ. ಬಾಗಿದ ಬೆನ್ನು ಆಮೇಲೆ ಎಷ್ಟು ಕೊಟ್ಟರೂ ನೇರ ಆಗುವುದಿಲ್ಲ.

ತೊಂದರೆ ಏನೆಂದರೆ ಮಾಮೂಲಿ ವಿಟಮಿನ್ ಸಿ ಬಹಳ ನಾಜೂಕು. ಬಿಸಿ, ಗಾಳಿ, ತೇವ ಯಾವುದಕ್ಕೂ ತಡೆಯುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಪಂಪ್‌ಸೆಟ್ ಮನೆಯ ತಗಡಿನ ಕೆಳಗೆ ಇಟ್ಟ ಪ್ಯಾಕೆಟ್‌ನಲ್ಲಿ ಹೆಸರು ಉಳಿದಿರುತ್ತದೆ, ಸತ್ವ ಉಳಿದಿರುವುದಿಲ್ಲ. ಅದಕ್ಕೇ ಫಾಸ್ಫೇಟ್ ಜೊತೆ ಕಟ್ಟಿ ಗಟ್ಟಿ ಮಾಡಿದ ರೂಪ ಬಂದಿದೆ. ಲೇಬಲ್ ಮೇಲೆ ಆಸ್ಕಾರ್ಬಿಲ್ ಫಾಸ್ಫೇಟ್ ಅಂತ ಇದ್ದರೆ ಅದೇ ಇದು.

ಎಣ್ಣೆ ಕಮಟು ಹಿಡಿಯುವುದೂ ಮರಿಗೆ ಅಪಾಯ. ತೌಡು ಕೆಲವೇ ದಿನಗಳಲ್ಲಿ ಕಮಟು ವಾಸನೆ ಹೊಡೆಯುತ್ತದೆ. ನಮ್ಮ ರಾಜ್ಯದಲ್ಲಿ ರೇಷ್ಮೆ ಬಿಚ್ಚಿದ ಮೇಲೆ ಉಳಿಯುವ ಹುಳುವಿನ ಕೋಶವೂ (ಪ್ಯೂಪಾ) ಮೀನಿಗೆ ಒಳ್ಳೆಯ ಪ್ರೋಟೀನ್. ಆದರೆ ಅದರಲ್ಲಿ ಎಣ್ಣೆ ಬಹಳ. ಜಪಾನಿನಲ್ಲಿ ಕಮಟು ಹಿಡಿದ ರೇಷ್ಮೆ ಹುಳು ತಿಂದ ಗೆಂಡೆಗಳ ಬೆನ್ನಿನ ಮಾಂಸವೇ ಕರಗಿ ಹೋಗುವ ಕಾಯಿಲೆ ಬಂದಿತ್ತು. ಅಲ್ಲಿ ಅದಕ್ಕೆ ಸೆಕೋಕೆ ಅನ್ನುತ್ತಾರೆ. ವಿಟಮಿನ್ ಇ ಕೊಟ್ಟಾಗ ಅದು ತಡೆಯಿತು. ಕೆಟ್ಟ ಎಣ್ಣೆ ಮೈಯೊಳಗಿನ ವಿಟಮಿನ್ ಇಯನ್ನು ತಿಂದುಹಾಕುತ್ತದೆ. ಕಮಟು ತೌಡನ್ನು ಎಸೆಯುವುದು ವಿಟಮಿನ್ ಇ ಕೊಳ್ಳುವುದಕ್ಕಿಂತ ಅಗ್ಗ.

ಬೂಸ್ಟು ಹಿಡಿದ ಹಿಂಡಿ ಇನ್ನೂ ಕೆಟ್ಟದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಅವು ತಿಂದಿದ್ದ ಶೇಂಗಾ ಹಿಂಡಿಯಲ್ಲಿ ಒಂದು ಶಿಲೀಂಧ್ರದ ವಿಷ ಸಿಕ್ಕಿತು. ಅದೇ ಅಫ್ಲಾಟಾಕ್ಸಿನ್. ಹಸಿ ಇರುವಾಗಲೇ ರಾಶಿ ಹಾಕಿದ ಶೇಂಗಾ, ಮೆಕ್ಕೆಜೋಳ ಎರಡರಲ್ಲೂ ಇದು ಬರುತ್ತದೆ. ಅಂದರೆ ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಮುಖ್ಯ ಬೆಳೆಗಳಲ್ಲಿ. ಕುದಿಸಿದರೂ ಹೋಗುವುದಿಲ್ಲ. ಮೀನಿನ ಪಿತ್ತಜನಕಾಂಗ ಕೆಡುತ್ತದೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ವಿಷ ಹಿಡಿದಿಡುವ ಬೆಂಟೊನೈಟ್ ಜೇಡಿಯಂಥ ಪೂರಕಗಳು ಇವೆ, ಸ್ವಲ್ಪ ನೆರವಾಗುತ್ತವೆ. ಆದರೆ ದನಕ್ಕೆ ಬೇಡವಾದ ಬೂಸ್ಟು ಹಿಂಡಿಯನ್ನು ಮೀನಿಗೆ ಹಾಕುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬಿಡಬೇಕು.

ಇನ್ನು ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ ಅನ್ನುವ ಪೂರಕಗಳು. ಮೀನಿಗೂ ನಮ್ಮ ಹಾಗೆ ಎರಡು ಬಗೆಯ ರಕ್ಷಣೆ ಇದೆ. ಒಂದು ಹುಟ್ಟಿನಿಂದಲೇ ಬರುವುದು. ಮೈಮೇಲಿನ ಲೋಳೆ, ಅದರಲ್ಲಿರುವ, ಬ್ಯಾಕ್ಟೀರಿಯಾ ಒಡೆಯುವ ಲೈಸೋಜೈಮ್ ಎಂಬ ಕಿಣ್ವ, ಕಂಡ ಶತ್ರುವನ್ನು ನುಂಗುವ ಕಣಗಳು. ಇನ್ನೊಂದು ಕಲಿತು ಬರುವುದು, ಲಸಿಕೆ ಕೆಲಸ ಮಾಡುವುದು ಇದರ ಮೇಲೆ. ಮರಿಯಲ್ಲಿ ಎರಡನೆಯದು ತಯಾರಾಗಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಮೊದಲನೆಯದೇ ಕಾಪಾಡಬೇಕು. ಬಹುತೇಕ ಪೂರಕಗಳ ಗುರಿ ಇದೇ.

ಯೀಸ್ಟ್‌ನ ಹೊರಗೋಡೆಯಿಂದ ತೆಗೆದ ಬೀಟಾ ಗ್ಲೂಕನ್ ಇವುಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು. ಶಿಲೀಂಧ್ರಗಳ ಗೋಡೆಯಲ್ಲಿ ಇರುವ ಸಕ್ಕರೆಯ ಸರಪಳಿ ಅದು. ಮೀನಿನ ಕಾವಲು ಕಣಗಳು ಅದನ್ನು ಕಂಡ ಕೂಡಲೇ ಶತ್ರು ಬಂದ ಅಂತ ಎಚ್ಚರಾಗುತ್ತವೆ. ಬಂದದ್ದು ಬರೀ ವೇಷ, ರೋಗ ಇಲ್ಲ. ಆದರೆ ಕಾವಲು ತಯಾರಾಯಿತು. ಮರಿ ಸಾಗಿಸುವ ಮೊದಲು, ಚಳಿಗಾಲ ಶುರುವಾಗುವ ಮೊದಲು ಕೆಲವು ವಾರ ಕೊಟ್ಟು ನಿಲ್ಲಿಸುವುದರಲ್ಲಿ ಅರ್ಥ ಇದೆ. ವರ್ಷವಿಡೀ ಕೊಟ್ಟರೆ ಫಲ ಕುಗ್ಗುತ್ತದೆ. ದಿನಾ ಗಂಟೆ ಬಾರಿಸಿದರೆ ಕಾವಲುಗಾರ ಎದ್ದು ಬರುವುದನ್ನೇ ಬಿಡುತ್ತಾನೆ.

ಪ್ರೊಬಯೋಟಿಕ್ ಅಂದರೆ ಉಪಕಾರಿ ಬ್ಯಾಕ್ಟೀರಿಯಾ. ಬ್ಯಾಸಿಲಸ್, ಲ್ಯಾಕ್ಟೋಬ್ಯಾಸಿಲಸ್ ಮುಖ್ಯವಾದವು. ಕರುಳಿನಲ್ಲಿ ಜಾಗ ಹಿಡಿದು ರೋಗಾಣುವಿಗೆ ಜಾಗ ಇಲ್ಲದಂತೆ ಮಾಡುತ್ತವೆ, ಜೀರ್ಣಕ್ಕೂ ನೆರವಾಗುತ್ತವೆ. ಇವು ಜೀವಂತ ಇರಬೇಕು ಅನ್ನುವುದು ಮುಖ್ಯ. ಬಿಸಿ ಗಂಜಿಗೆ ಕಲಸಿದರೆ ಲ್ಯಾಕ್ಟೋಬ್ಯಾಸಿಲಸ್ ಸತ್ತೇ ಹೋಗುತ್ತದೆ. ಬ್ಯಾಸಿಲಸ್ ಬೀಜಕದ ರೂಪದಲ್ಲಿ ಇರುವುದರಿಂದ ಬಿಸಿ ತಡೆಯುತ್ತದೆ. ನೀರಿನಲ್ಲೇ ಬದುಕುವ ಮೀನಿನ ಕರುಳಿಗೆ ದಿನಾ ಹೊಸ ಬ್ಯಾಕ್ಟೀರಿಯಾ ಬರುತ್ತಲೇ ಇರುತ್ತವೆ. ಆದ್ದರಿಂದ ಪ್ರೊಬಯೋಟಿಕ್ ಕೊಡುವುದು ನಿಲ್ಲಿಸಿದರೆ ಅದರ ಫಲ ಬೇಗ ಕರಗುತ್ತದೆ. ಹೊಂಡಕ್ಕೆ ಸುರಿಯುವ ಪ್ರೊಬಯೋಟಿಕ್ ಬೇರೆ, ತಿಂಡಿಗೆ ಕಲಸುವುದು ಬೇರೆ. ಬೆಲ್ಲದ ನೀರಿನ ಜೊತೆ ಸಂಜೆ ಸುರಿದರೆ ಆ ಬ್ಯಾಕ್ಟೀರಿಯಾಗಳೂ ರಾತ್ರಿ ಆಮ್ಲಜನಕ ತಿನ್ನುತ್ತವೆ. ಸುರಿಯುವುದಾದರೆ ಬೆಳಿಗ್ಗೆ, ಬಿಸಿಲು ಬಂದ ಮೇಲೆ.

ಬೆಳ್ಳುಳ್ಳಿ, ಅರಿಶಿನ, ತುಳಸಿ, ಅಮೃತಬಳ್ಳಿಯ ಮೇಲೂ ನಮ್ಮ ದೇಶದಲ್ಲಿ ಸಾಕಷ್ಟು ಕೆಲಸ ಆಗಿದೆ. ರೋಹು ಮರಿಗೆ ಕೆಜಿ ತಿಂಡಿಗೆ 1, 5, 10 ಗ್ರಾಂ ಬೆಳ್ಳುಳ್ಳಿ ಸೇರಿಸಿ 60 ದಿನ ಕೊಟ್ಟು, ಆಮೇಲೆ ಏರೋಮೋನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯಾ ಚುಚ್ಚಿ ನೋಡಿದ ಒಂದು ಪ್ರಯೋಗ ಇದೆ. ಹೊಟ್ಟೆ ಊದುವ, ಹುಣ್ಣಾಗುವ ರೋಗ ತರುವ ಬ್ಯಾಕ್ಟೀರಿಯಾ ಅದು. ಬೆಳ್ಳುಳ್ಳಿ ತಿಂದ ಮರಿಗಳು ಹೆಚ್ಚು ಉಳಿದವು. ಮನೆಯಲ್ಲೇ ಇರುವ ವಸ್ತು, ಹಿತವಾದ ಅಳತೆಯಲ್ಲಿ ಹಾನಿ ಇಲ್ಲ. ನನಗೆ ಇದರ ಮೇಲೆ ಪ್ರೀತಿ ಇದೆ.

ಆದರೂ ಇಂಥ ಪ್ರಯೋಗಗಳನ್ನು ಓದುವಾಗ ಒಂದು ವಿಷಯ ನೆನಪಿಡಬೇಕು. ಅವು ನಡೆಯುವುದು ಸಾಮಾನ್ಯವಾಗಿ ತೊಟ್ಟಿಯಲ್ಲಿ. ತಿಳಿ ನೀರು, ಗಾಳಿ ಹಾಕುವ ಯಂತ್ರ, ಎಣಿಸಿ ಬಿಟ್ಟ ಮರಿ. ಪ್ಲಾಂಕ್ಟನ್ ಇಲ್ಲದಿರುವುದರಿಂದ ಪೂರಕದ ಫಲ ಎದ್ದು ಕಾಣುತ್ತದೆ. ಹಸಿರು ಕೆರೆಯಲ್ಲಿ ಅದೇ ವಿಟಮಿನ್ ಪ್ಲಾಂಕ್ಟನ್‌ನಿಂದ ಆಗಲೇ ಸಿಗುತ್ತಿದ್ದರೆ ವ್ಯತ್ಯಾಸ ಕಾಣದೇ ಹೋಗಬಹುದು. ಪ್ರಯೋಗ ಸುಳ್ಳಲ್ಲ, ಜಾಗ ಬೇರೆ. ಪ್ಲಾಸ್ಟಿಕ್ ಹೊಂಡ, ಕೊಳೆಯನ್ನು ಬ್ಯಾಕ್ಟೀರಿಯಾಗಳಿಂದ ತಿನ್ನಿಸಿ ಒತ್ತಾಗಿ ಮೀನು ಸಾಕುವ ಬಯೋಫ್ಲಾಕ್ ತೊಟ್ಟಿ, ಬಲೆಯ ಪಂಜರ ಇವೆಲ್ಲ ಆ ತೊಟ್ಟಿಗೆ ಹತ್ತಿರ. ಸೂಳೆಕೆರೆ ದೂರ.

ಕೊಡಬೇಕು ಅಂತ ತೀರ್ಮಾನ ಮಾಡಿದರೆ ಅಳತೆ ಮುಖ್ಯ. ನಮ್ಮ ಹೊಂಡದ್ದೇ ಲೆಕ್ಕ ಹೇಳುತ್ತೇನೆ. 400 ಮರಿ, ಒಂದೊಂದು 10 ಗ್ರಾಂ. ಒಟ್ಟು ತೂಕ 4 ಕೆಜಿ. ತೂಕದ ಶೇಕಡಾ 5ರಷ್ಟು ತಿಂಡಿ ಅಂದರೆ ದಿನಕ್ಕೆ 200 ಗ್ರಾಂ. ಕೆಜಿ ತಿಂಡಿಗೆ 10 ಗ್ರಾಂ ಪೂರಕ ಅಂತ ಪ್ಯಾಕೆಟ್ ಹೇಳಿದರೆ ನಮಗೆ ಬೇಕಾದದ್ದು ದಿನಕ್ಕೆ 2 ಗ್ರಾಂ. ಒಂದು ಕೆಜಿ ಪ್ಯಾಕೆಟ್ 500 ದಿನ ಬರುತ್ತದೆ! ಮೀನು ದೊಡ್ಡದಾದಂತೆ ಬೇಗ ಖರ್ಚಾಗುತ್ತದೆ ಅಂದರೂ ಮರಿ ಮರಿಯಾಗಿರುವಷ್ಟು ದಿನ ಅದರ ಮೂಲೆಯೂ ಖಾಲಿ ಆಗುವುದಿಲ್ಲ. ಒಡೆದ ಪ್ಯಾಕೆಟ್ ಅಷ್ಟರಲ್ಲಿ ಹಾಳಾಗಿರುತ್ತದೆ. ನಾಲ್ಕೈದು ಜನ ಸೇರಿ ಒಂದು ಪ್ಯಾಕೆಟ್ ತಂದು ಹಂಚಿಕೊಂಡು, ಗಾಳಿಯಾಡದ ಡಬ್ಬಿಯಲ್ಲಿ ತಣ್ಣಗಿನ ಜಾಗದಲ್ಲಿ ಇಡುವುದು ಜಾಣತನ.

ಕಲಸುವ ರೀತಿಯೂ ಇದೆ. ವಿಟಮಿನ್ ಸಿ, ಬಿ ಗುಂಪಿನವು ನೀರಿನಲ್ಲಿ ಕರಗುತ್ತವೆ. ಪುಡಿ ಸಣ್ಣದಾದಷ್ಟೂ ಬೇಗ ಕರಗಿ ಹೋಗುತ್ತವೆ. ಚಿಕ್ಕ ಮರಿಗೆ ನುಣ್ಣಗಿನ ಪುಡಿಯೇ ಬೇಕು, ಹಾಗಾಗಿ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ. ಸುಮ್ನೆ ನೀರಿಗೆ ಸುರಿದ ಟಾನಿಕ್ ಅಂತೂ ಮರಿಯ ಹೊಟ್ಟೆಗೆ ಹೋಗುವುದೇ ಇಲ್ಲ. ಸ್ವಲ್ಪ ದೊಡ್ಡ ಮರಿಯಾದರೆ ತಿಂಡಿಗೆ ಪೂರಕ ಬೆರೆಸಿ, ಆರಿದ ಗಂಜಿಯಲ್ಲಿ ಅಂಟಾಗಿ ಕಲಸಿ, ಮೇಲೆ ಒಂದು ಚಮಚ ಎಣ್ಣೆ ಸವರಿ, ಅರ್ಧ ಗಂಟೆ ನೆರಳಿನಲ್ಲಿ ಆರಿಸಿ. ತಟ್ಟೆಯಲ್ಲಿಟ್ಟು ನೀರಿಗೆ ಇಳಿಬಿಡಿ. ಒಂದು ಗಂಟೆ ಬಿಟ್ಟು ತಟ್ಟೆ ಎತ್ತಿ ನೋಡಿ. ಉಳಿದಿದ್ದರೆ ನಾಳೆ ಕಡಿಮೆ ಹಾಕಿ.

ಫಲ ಇದೆಯಾ ಇಲ್ಲವಾ ಅಂತ ನೋಡಲು ಇನ್ನೊಬ್ಬರ ಮಾತು ಬೇಕಿಲ್ಲ. ಹಾಪಾ ಅಂದರೆ ನೀರಿನೊಳಗೆ ಕಟ್ಟುವ, ಸೊಳ್ಳೆ ಪರದೆಯಂಥ ಬಟ್ಟೆಯ ಚೀಲ. ಅಂಥವು ಆರು ಕಟ್ಟಿ. ಪ್ರತಿಯೊಂದಕ್ಕೂ ಒಂದೇ ಗಾತ್ರದ 50 ಮರಿ, ಎಣಿಸಿ, ತೂಗಿ ಬಿಡಿ. ಮೂರಕ್ಕೆ ಪೂರಕ ಕಲಸಿದ ತಿಂಡಿ, ಮೂರಕ್ಕೆ ಬರೀ ತಿಂಡಿ, ಅಷ್ಟೇ ತೂಕ. 30 ದಿನ ಆದ ಮೇಲೆ ಮತ್ತೆ ಎಣಿಸಿ, ತೂಗಿ. ಒಂದೊಂದೇ ಹಾಪಾ ಇಟ್ಟರೆ ಆಕಸ್ಮಿಕವಾಗಿ ಬಂದ ವ್ಯತ್ಯಾಸವನ್ನೇ ನಂಬಿಬಿಡುತ್ತೇವೆ, ಅದಕ್ಕೆ ಮೂರು ಮೂರು.

ಆಂಟಿಬಯೋಟಿಕ್ ಪೂರಕ ಅಲ್ಲ. ಕೆಲವು ಕಡೆ ಬೆಳವಣಿಗೆಗೆ ಅಂತ ಅದನ್ನೂ ಕಲಸುತ್ತಾರೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ಗಳನ್ನು ಮೀನು ಸಾಕಣೆಯಲ್ಲಿ ಬಳಸುವುದನ್ನು ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ನಮ್ಮ ಹೊಂಡದಲ್ಲೇ ಹುಟ್ಟಿದರೆ ಅದು ಅದೇ ನೀರಿನಿಂದ ನಮ್ಮ ಮನೆಗೂ ಬರುತ್ತದೆ. ಇನ್ನು ಮೀನಿನ ಹೇನು ಕಣ್ಣಿಗೇ ಕಾಣುತ್ತದೆ, ಹಸಿರು ಚುಕ್ಕೆಯಂತೆ ಮೈಗೆ ಅಂಟಿರುತ್ತದೆ. ಅದಕ್ಕೂ ಟಾನಿಕ್ ಪರಿಹಾರ ಅಲ್ಲ. ಗೊತ್ತಾಗದಿದ್ದರೆ ಸತ್ತದ್ದನ್ನು ಬಿಟ್ಟು, ನರಳುತ್ತಿರುವ ಒಂದೆರಡು ಮರಿಯನ್ನು ಹೊಂಡದ ನೀರಿನಲ್ಲೇ ಹಾಕಿಕೊಂಡು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ. ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಹಿರಿಯೂರಿನ ಬಬ್ಬೂರು ಫಾರಂನಲ್ಲೂ ಒಂದು ಕೇಂದ್ರ ಇದೆ. ಕೇಳಿದರೆ ದಾರಿ ತೋರಿಸುತ್ತಾರೆ.

ಈಗ ನಮ್ಮ ಹೊಂಡಕ್ಕೆ ಮರಿ ಬಿಡುವ ಮೊದಲು ಮಣ್ಣು, ಸಗಣಿ ಬಗ್ಗಡ ಹಾಕಿ ನೀರು ಹಸಿರಾಗುವವರೆಗೆ ಕಾಯುತ್ತೇವೆ. ಮೊದಲ ಎರಡು ವಾರ ಯಾವ ಟಾನಿಕ್ಕೂ ಇಲ್ಲ. ಬೆಳಗಿನ ಜಾವ 5 ಗಂಟೆಗೆ ಬ್ಯಾಟರಿ ಹಿಡಿದು ಒಂದು ಸುತ್ತು ಬರುತ್ತೇವೆ. ಆಮೇಲೆ ಪ್ಲಾಸ್ಟಿಕ್ ಹೊಂಡ ಅನ್ನುವ ಕಾರಣಕ್ಕೆ ವಿಟಮಿನ್ ಸಿ ಇರುವ ಖನಿಜ ಮಿಶ್ರಣ ಮತ್ತು ಹುಳಿ ಬರಿಸಿದ ತೌಡು. ತಿಂಗಳಿಗೊಮ್ಮೆ ಬಲೆ ಎಳೆದು ಹತ್ತು ಮರಿ ಹಿಡಿಯುತ್ತೇವೆ. ಒದ್ದೆ ಅಂಗೈ ಮೇಲೆ ಇಟ್ಟು ಬೆನ್ನು ನೇರ ಇದೆಯಾ, ರೆಕ್ಕೆ ಬುಡ ಕೆಂಪಾಗಿದೆಯಾ, ಕಿವಿರು ದಾಸವಾಳದ ಬಣ್ಣಕ್ಕೆ ಇದೆಯಾ ಅಂತ ನೋಡಿ, ತೂಗಿ, ಬರೆದುಕೊಂಡು, ತಕ್ಷಣ ನೀರಿಗೆ ಬಿಡುತ್ತೇವೆ.